ಅಮಾನತಿನಲ್ಲಿರುವವನ ಆರು ಕಂಬಗಳು

“ಸರ್, ಅವನ್ನ ಕೇಳ್ರಿ, ಮೊಮ್ಮಗಳಿಗೆ ಜ್ವರ ಬಿಡ್ತಾ ಅಂತ.”

“ಬಿಟ್ಟೈತೆ, ನಿನ್ನೆಯಿಂದ ಇಡ್ಲಿ ತಿಂತಾ ಐತೆ ಅಂತ ಹೇಳ್ರಿ ಸರ್.”

ಕೇಳಿದವನು ಬೋರಯ್ಯ. ಉತ್ತರ ಕೊಟ್ಟವನು ದಾದಾಪೀರ್. ಇಬ್ಬರ ನಡುವೆ ಇದ್ದದ್ದು ನಾಲ್ಕಡಿ ಜಾಗ. ಆ ನಾಲ್ಕಡಿಯಲ್ಲಿ ಟೀ ಲೋಟ, ಮೆಣಸಿನಕಾಯಿ ಬಜ್ಜಿ ಹಿಡಿದುಕೊಂಡು ನಾನು. ಅವನ ಮಾತು ಇವನಿಗೆ ಕೇಳಿಸುತ್ತದೆ, ಇವನ ಮಾತು ಅವನಿಗೆ ಕೇಳಿಸುತ್ತದೆ. ಆದರೂ ನನ್ನ ಮೂಲಕವೇ ಹೋಗಬೇಕು!

ಮೊಳಕಾಲ್ಮೂರಿನಲ್ಲಿ ನನ್ನ ಅಕ್ಕನ ಮನೆಯಿದೆ. ಚಳ್ಳಕೆರೆಯಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಬೋರಯ್ಯ ಅಕ್ಕನ ಪಕ್ಕದ ಮನೆಯವನು, ಲೈನ್‌ಮನ್. ದಾದಾಪೀರ್ ಕೂಡ ಲೈನ್‌ಮನ್. (ಹೆಸರು ಎರಡೂ ಬದಲಿಸಿದ್ದೇನೆ. ಊರವರಿಗೆ ಹೇಗೂ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ.) ಒಂದೇ ದಿನ ಕೆಲಸಕ್ಕೆ ಸೇರಿದವರು. ಬೋರಯ್ಯನಿಗೆ ಹಳ್ಳಿ ಕಡೆಯ ಬೀಟ್, ದಾದಾಪೀರನಿಗೆ ಊರೊಳಗಿನ ಬೀಟ್. ಬೆಳಗಿನ ಟೀ ಮಾತ್ರ ತಿಮ್ಮಕ್ಕನ ಅಂಗಡಿಯಲ್ಲಿ, ಒಟ್ಟಿಗೇ.

ಎರಡು ತಿಂಗಳ ಹಿಂದೆ ಬೋರಯ್ಯನ ಬೀಟಿನಲ್ಲಿ ತಂತಿ ಹರಿದು ಬಿದ್ದು ಒಂದು ಎಮ್ಮೆ ಸತ್ತಿತು. “ತಂತಿ ಜೋತು ಬಿದ್ದೈತೆ ಅಂತ ಮೊದಲೇ ಹೇಳಿದ್ದೆ, ಬರಲಿಲ್ಲ” ಎಂದು ಎಮ್ಮೆಯ ಯಜಮಾನ ದೂರು ಕೊಟ್ಟ. “ನನಗೆ ಯಾರೂ ಹೇಳಿಲ್ಲ” ಎಂದ ಬೋರಯ್ಯ. ವಿಚಾರಣೆ ಮುಗಿಯುವವರೆಗೆ ಅವನು ಸಸ್ಪೆಂಡ್. ಯಜಮಾನ ಹೇಳಿದೆ ಎನ್ನುವ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದವನು ದಾದಾಪೀರ್. ಹಾಗಾಗಿ ಅವನು ಸಾಕ್ಷಿ.

ಅಮಾನತಿನ ಆದೇಶವನ್ನು ಓದಿ ಹೇಳಿದವನು ನಾನೇ. ಅದರಲ್ಲಿ ಎರಡು ಷರತ್ತು. ಒಂದು, ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ. ಎರಡು, ಸಾಕ್ಷಿಗಳನ್ನಾಗಲಿ ಇತರ ಸಿಬ್ಬಂದಿಯನ್ನಾಗಲಿ ಖುದ್ದಾಗಿ, ಫೋನ್ ಮೂಲಕ, ಸಂದೇಶದ ಮೂಲಕ ಸಂಪರ್ಕಿಸತಕ್ಕದ್ದಲ್ಲ. ಅಂದರೆ ಊರು ಬಿಡುವಂತಿಲ್ಲ, ಊರಲ್ಲಿರುವವರ ಜೊತೆ ಮಾತಾಡುವಂತಿಲ್ಲ. ಮೊಳಕಾಲ್ಮೂರು ಅಷ್ಟು ದೊಡ್ಡ ಊರೇ? ಕಟಿಂಗ್ ಶಾಪಿಗೆ ಹೋದರೆ ಪಕ್ಕದ ಕುರ್ಚಿಯಲ್ಲಿ ಸಾಕ್ಷಿ. ರೇಷನ್ ಕ್ಯೂನಲ್ಲಿ ನಿಂತರೆ ಮುಂದೆ ಸಾಕ್ಷಿಯ ಹೆಂಡತಿ.

(‘ಮೂರನೆಯವರ ಮೂಲಕ’ ಅಂತ ಆದೇಶದಲ್ಲಿ ಎಲ್ಲೂ ಇರಲಿಲ್ಲ. ಬೋರಯ್ಯ ಮೂರು ಸಲ ಓದಿಸಿ ಖಾತ್ರಿ ಮಾಡಿಕೊಂಡ.)

ನಮ್ಮಜ್ಜಿಗೂ ಅವಳ ಓರಗಿತ್ತಿಗೂ ಏಳು ವರ್ಷ ಮಾತಿರಲಿಲ್ಲ. ಒಂದೇ ಅಡುಗೆಮನೆ. “ಒರಳೇ, ಸಾರಿಗೆ ಉಪ್ಪು ಹಾಕಿಲ್ಲ ಅಂತ ಹೇಳು” ಎನ್ನುತ್ತಿದ್ದಳು ಅಜ್ಜಿ. “ಒರಳೇ, ನಾಲಿಗೆ ಸರಿ ಮಾಡ್ಕೊಳ್ಳಾಕೆ ಹೇಳು” ಎನ್ನುತ್ತಿದ್ದಳು ಆಕೆ. ಈಗ ಆ ಒರಳುಕಲ್ಲಿನ ಕೆಲಸ ನನಗೆ ಬಂದಿತ್ತು.

ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಮ್ಮೆ ಕಳೆದುಕೊಂಡವನ ಜಾಗದಲ್ಲಿ ನಿಂತು ನೋಡಿ. ಆರೋಪ ಹೊತ್ತವನೂ ಸಾಕ್ಷಿಯೂ ದಿನಾ ಹೆಗಲಿಗೆ ಹೆಗಲು ತಾಗಿಸಿ ಟೀ ಕುಡಿದರೆ ನಿಮಗೆ ನಂಬಿಕೆ ಬರುತ್ತದೆಯೇ? ಇವರಿಬ್ಬರಿಗೂ ಅದು ಗೊತ್ತಿತ್ತು. ಜ್ವರ, ಇಡ್ಲಿ, ಮಳೆ, ಶೇಂಗಾ ರೇಟು ಎಲ್ಲವೂ ನನ್ನ ಮೂಲಕ ದಾಟಿದವು. ಎಮ್ಮೆ ಮಾತ್ರ ಒಂದು ಸಲವೂ ದಾಟಲಿಲ್ಲ. “ಅದೊಂದು ಅವನು ಕೇಳಬಾರ್ದು ಸರ್, ನಾನು ಹೇಳಬಾರ್ದು” ಎಂದಿದ್ದ ದಾದಾಪೀರ್.

ಅವತ್ತು ಬಜ್ಜಿ ಇನ್ನೂ ಮುಗಿದಿರಲಿಲ್ಲ. ದಾದಾಪೀರ್ ಎದ್ದು, ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡ. ಅಂದರೆ, ‘ನಾನು ಕಂಬ ಹತ್ತುತ್ತೇನೆ, ಈ ಲೈನ್ ಆಫ್ ಮಾಡಿ, ನಾನೇ ಹೇಳುವವರೆಗೆ ಆನ್ ಮಾಡಬೇಡಿ’ ಅಂತ. ಹಳ್ಳದಾಚೆ ದಾಳಿಂಬೆ ತೋಟದ ಹತ್ತಿರ ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ ಒಡೆದಿದೆಯಂತೆ. ಅದು ಬೋರಯ್ಯನ ಬೀಟು. ಸಸ್ಪೆಂಡ್ ಆದಮೇಲೆ ದಾದಾಪೀರನಿಗೇ ಬಂದಿತ್ತು. ಏಣಿ ಹೊತ್ತ ಜೊತೆಗಾರರು ಮೊದಲೇ ಹೋಗಿದ್ದರು. ಇವನು ಬೈಕ್ ಏರಿ ಹೊರಟ.

ಬೋರಯ್ಯನ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

“ಸರ್, ಅವನ್ನ ತಡೀರಿ.”

ನಾನು ಎದ್ದು ನೋಡುವಷ್ಟರಲ್ಲಿ ಬೈಕ್ ತಿರುವು ದಾಟಿತ್ತು. “ಏನಾಯ್ತೋ?”

“ಆ ತೋಟದ ಕೊನೇ ಆರು ಕಂಬ ಈ ಲೈನಲ್ಲಿ ಇಲ್ಲ ಸರ್.”

ಹೋದ ವರ್ಷದ ಬೇಸಿಗೆಯಲ್ಲಿ ಹಳ್ಳದ ಹತ್ತಿರ ತಂತಿ ಹರಿದಿತ್ತು. ಹೊಸ ತಂತಿ ಬರುವುದು ತಡವಾಯಿತು. ತೋಟದವನು ಬಂದು ಕೈ ಮುಗಿದ. ಬೋರಯ್ಯ ಆ ಆರು ಕಂಬಗಳನ್ನು ಈ ಕಡೆ ಲೈನಿನಿಂದ ಬಿಡಿಸಿ, ಆ ಕಡೆ ಊರಿನಿಂದ ಬರುವ ಇನ್ನೊಂದು ಲೈನಿಗೆ ಸೇರಿಸಿಬಿಟ್ಟ. ಕಾಗದದಲ್ಲಿ ಮಾತ್ರ ಅವು ಇಂದಿಗೂ ಇದೇ ಲೈನಿನವು. ದಾದಾಪೀರ್ ಆಫ್ ಮಾಡಿಸಿದ್ದು ಈ ಕಡೆ ಲೈನನ್ನು. ಅವನು ಹತ್ತಲಿರುವ ಕಂಬಕ್ಕೆ ಕರೆಂಟ್ ಬರುವುದು ಆ ಕಡೆ ಲೈನಿನಿಂದ.

“ಎರಡು ದಿನಕ್ಕೆ ಅಂತ ಮಾಡಿದ್ದು ಸರ್. ಹಂಗೇ ಉಳೀತು. ಬರೆದಿಡಲಿಲ್ಲ.”

“ಚಾರ್ಜ್ ಕೊಡುವಾಗ ಹೇಳೋದಲ್ವೇನೋ?”

“ಚಾರ್ಜಲ್ಲಿ ಬೆಲ್ಟು, ಕಟಿಂಗ್ ಪ್ಲೇರು, ಕೈಗವಸು ಬರೆಸ್ಕೊಂಡ್ರು. ಕಂಬದ್ದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಎಮ್ಮೆಗೇ ಸಸ್ಪೆಂಡು. ಇದೂ ಗೊತ್ತಾದ್ರೆ ಮನೆಗೇ ಕಳಿಸ್ತಾರೆ.”

ದಾದಾಪೀರನಿಗೆ ನಾನು ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸ್ಟೇಷನ್ನಿಗೆ ಮಾಡಿದೆ. “ನೀವ್ಯಾರ್ರೀ? ಲೈನ್ ಕ್ಲಿಯರ್ ತಗೊಂಡೋರು ಬಿಟ್ಟು ಬೇರೆ ಯಾರ ಮಾತೂ ಕೇಳಂಗಿಲ್ಲ” ಎಂದ ಆಪರೇಟರ್. (ಇದೂ ಸರಿಯಾದ ನಿಯಮವೇ! ಕಂಡಕಂಡವರ ಮಾತು ಕೇಳಿ ಲೈನ್ ಆನ್ ಆಫ್ ಮಾಡಿದರೆ ಗತಿಯೇನು?) ಬೋರಯ್ಯ ಫೋನ್ ಕಿತ್ತುಕೊಂಡ.

“ನಾನು ಬೋರಯ್ಯ. ಆ ಕಡೆ ಲೈನೂ ಆಫ್ ಮಾಡ್ರಿ, ಬೇಗ!”

“ಬೋರಣ್ಣ, ನಿನ್ನ ಹತ್ರ ನಾನು ಮಾತಾಡಂಗಿಲ್ಲ. ಆರ್ಡರ್ ಐತೆ. ನನಗೂ ಹೆಂಡ್ತಿ ಮಕ್ಕಳು ಐದಾರೆ.” ಕಟ್.

ತಿಮ್ಮಕ್ಕ ಸೌಟು ಎತ್ತಿ ತೆಲುಗಿನಲ್ಲಿ ಗದರಿದಳು. “ಇಂಕಾ ಏಮಿ ಚೂಸ್ತಾರು? ಪೋಂಡಿ!” ಇನ್ನೂ ಏನು ನೋಡ್ತಾ ನಿಂತಿದ್ದೀರಿ, ಹೋಗಿ ಅಂತ.

ಹೋದೆವು. ಸ್ಕೂಟರ್ ನಮ್ಮ ಭಾವನದು, ಓಡಿಸಿದವನು ಬೋರಯ್ಯ. ಹಳ್ಳ ಇಳಿದು ಹತ್ತಿದಾಗ ನನಗೆ ಮೊದಲು ಕಂಡದ್ದು ತೋಟದ ಬೋರ್‌ವೆಲ್. ಪೈಪಿನಿಂದ ನೀರು ದಬದಬ ಸುರಿಯುತ್ತಿತ್ತು. ಲೈನ್ ಆಫ್ ಆಗಿದೆ, ಮೋಟಾರ್ ಓಡುತ್ತಿದೆ! ಆ ಕಡೆ ಕಂಬದ ಅರ್ಧದಲ್ಲಿ ಬೆಲ್ಟು ಬಿಗಿದುಕೊಂಡು ದಾದಾಪೀರ್.

“ದಾದೂ! ಇಳಿಯೋ! ಲೈನಲ್ಲಿ ಕರೆಂಟ್ ಐತೆ!”

ದಾದಾಪೀರ್ ತಿರುಗಿ ನೋಡಿದ. ಅಭ್ಯಾಸಬಲ ನೋಡಿ. “ಸರ್, ಏನಂತೆ ಕೇಳ್ರಿ ಅವನ್ನ!” ಎಂದು ನನ್ನ ಕಡೆ ಕೂಗಿದ.

“ಲೇ, ನಾನೇ ಹೇಳ್ತಾ ಇದೀನಲ್ಲೋ! ನೀರು ನೋಡಲೇ, ನೀರು!”

ದಾದಾಪೀರ್ ನೀರನ್ನು ನೋಡಿದ. ಮೇಲೆ ತಂತಿ ನೋಡಿದ. ತಂತಿಗೂ ಅವನ ಕೈಗೂ ನಡುವೆ ನಾಲ್ಕೈದು ಅಡಿಯಷ್ಟೇ. ಒಂದೊಂದೇ ಹೆಜ್ಜೆ ಇಳಿದು ಬಂದು ಮಣ್ಣಿನಲ್ಲಿ ಕೂತ. “ಯಾ ಅಲ್ಲಾ” ಅಂದ. ಆಮೇಲೆ ಬೋರಯ್ಯನಿಗೆ ಬೈಯಲು ಶುರು ಮಾಡಿದ. ಉರ್ದುವಿನಲ್ಲಿ ಬೈದ, ಸಾಲಲಿಲ್ಲ, ಕನ್ನಡದಲ್ಲಿ ಬೈದ. “ಒಂದು ವರ್ಷದಿಂದ ನುಂಗ್ಕೊಂಡು ಕೂತಿದ್ದೀಯಲ್ಲೋ! ನನ್ನ ಹೆಣ ಬಿದ್ಮೇಲೆ ಹೇಳ್ತಿದ್ಯಾ?” ಬೈಗುಳ ಮುಗಿದ ಮೇಲೆ ದಾದಾಪೀರ್ ಸ್ಟೇಷನ್ನಿಗೆ ಫೋನ್ ಮಾಡಿ ಇನ್ನೊಂದು ಲೈನನ್ನೂ ಆಫ್ ಮಾಡಿಸಿದ. ಪೈಪಿನ ನೀರು ನಿಂತಿತು.

ನಾಲ್ಕು ದಿನಕ್ಕೆ ಬೋರಯ್ಯನಿಗೆ ನೋಟಿಸ್ ಬಂತು. ಆರು ಕಂಬಗಳ ಲೈನ್ ಬದಲಿಸಿದ್ದು ಏಕೆ? ಆದೇಶ ಮೀರಿ ಸಾಕ್ಷಿಯನ್ನು, ಸಿಬ್ಬಂದಿಯನ್ನು ಸಂಪರ್ಕಿಸಿದ್ದು ಏಕೆ? ಮೊದಲ ಪ್ರಶ್ನೆ ಕೇಳಲೇಬೇಕಾದದ್ದು. ಅದಕ್ಕೆ ಶಿಕ್ಷೆಯಾದರೆ ನಾನೂ ಬೇಡ ಎನ್ನುವುದಿಲ್ಲ. ಎರಡನೆಯದನ್ನು ಏನೆನ್ನೋಣ? ಒಬ್ಬನನ್ನು ಮನೆಗೆ ಕಳಿಸುವಾಗ ಅವನ ಬೆಲ್ಟು, ಪ್ಲೇರು ಎಣಿಸಿ ಇಟ್ಟುಕೊಳ್ಳುತ್ತೀರಿ. ಅವನ ತಲೆಯಲ್ಲಿರುವುದನ್ನು ಯಾರು ಬರೆಸಿಕೊಳ್ಳಬೇಕು? ಮಾತಾಡಬೇಡ ಅನ್ನುವುದು ಸರಿ. ಅನಾಹುತ ಕಂಡರೆ ಇಂಥವರಿಗೆ ಹೇಳು ಅಂತ ಒಂದು ಸಾಲು, ಒಂದು ನಂಬರು ಬರೆದರೆ ಆದೇಶದ ತೂಕ ಕಡಿಮೆಯಾಗುತ್ತದೆಯೇ?

ಹೋದ ವಾರ ಚಳ್ಳಕೆರೆ ಕಚೇರಿಯಲ್ಲಿ ದಾದಾಪೀರನ ಹೇಳಿಕೆ ಇತ್ತು. ಕಂಡದ್ದನ್ನು ಬರೆದುಕೊಡಲು ನನ್ನನ್ನೂ ಕರೆದಿದ್ದರು. (ಈಗ ನಾನೂ ಸಾಕ್ಷಿ, ಹಾಗಾಗಿ ಬೋರಯ್ಯ ನನ್ನ ಜೊತೆಗೂ ಮಾತಾಡುತ್ತಿಲ್ಲ.) ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ದಾದಾಪೀರ್ ತಾನು ಬರೆದ ಹಾಳೆಯನ್ನು ತೋರಿಸಿದ. ಮೊದಲನೆಯ ಸಾಲು ಎಮ್ಮೆಯದು. ‘ತಂತಿ ಜೋತು ಬಿದ್ದಿದೆ ಎಂದು ಯಜಮಾನ ಬೋರಯ್ಯನಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ’ ಎಂದಿತ್ತು. ನಾನು ಅವನ ಮುಖ ನೋಡಿದೆ.

“ಕೇಳಿದ್ದು ಕೇಳಿದೆ ಅಂತಾನೇ ಹೇಳ್ಬೇಕಲ್ಲ ಸರ್. ಜೀವ ಉಳಿಸಿದಾನೆ ಅಂತ ಸುಳ್ಳು ಹೇಳಾಕಾಗುತ್ತಾ?”

ಎರಡನೆಯ ಸಾಲು: ‘ಬೋರಯ್ಯ ನನ್ನನ್ನು ಸಂಪರ್ಕಿಸಿದ್ದು ನಿಜ. ಆಗ ನಾನು ಕಂಬದ ಮೇಲಿದ್ದೆ.’ ಕೆಳಗೆ ದುಂಡಗಿನ ಅಕ್ಷರದಲ್ಲಿ ಅವನ ಸಹಿ.

ಬೋರಯ್ಯ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದರೆ, ಆ ಸಹಿಯನ್ನು ಯಾರ ಕೈಯಲ್ಲಿ ಹಾಕಿಸುತ್ತಿದ್ದಿರಿ ಸಾಹೇಬರೇ?