ವಿಡಿಯೋ ನಿಲ್ಲಿಸುವ ಅಕ್ಕ

ಬೆಳಗಿನ ಐದೂವರೆ. ಶಾಲೆಯ ಹಿಂಬಾಗಿಲ ಬೀಗ ತೆಗೆದು, ಕಾರಿಡಾರಿನ ದೀಪವನ್ನೂ ಹಾಕದೆ, ಆ ಹೆಂಗಸು ನೇರ ಮೂಲೆಯ ಕೋಣೆಗೆ ನಡೆಯುತ್ತಾರೆ. ಹನ್ನೊಂದು ಕಂಪ್ಯೂಟರುಗಳ ಮೇಲಿನ ಬಟ್ಟೆಯ ಹೊದಿಕೆಗಳನ್ನು ಒಂದೊಂದಾಗಿ ತೆಗೆದು ಮಡಚಿಡುತ್ತಾರೆ. ನಡೆಯುವವು ಏಳೇ. ಉಳಿದ ನಾಲ್ಕು ಕೆಟ್ಟು ಮೂರು ವರ್ಷವಾದರೂ ಅವುಗಳನ್ನೂ ದಿನಾ ಒರೆಸಬೇಕು. ದಾಖಲೆಯಲ್ಲಿ ಅವು ಇನ್ನೂ ಬದುಕಿವೆ. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೇ ಅವರು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಶಾಲೆಯ ಇಂಟರ್ನೆಟ್ಟಿಗೆ ಜೀವ ಇರುವುದು ಈ ಹೊತ್ತಿನಲ್ಲಿ ಮಾತ್ರ. ಎಂಟು ಗಂಟೆಗೆ ಊರೆಲ್ಲ ಎದ್ದು ಫೋನು ಕೈಗೆತ್ತಿಕೊಂಡರೆ ಮುಗಿಯಿತು, ಆಮೇಲೆ ಅದು ಬಸವನಹುಳು.

ಇವತ್ತಿನ ಪಾಠ ಅನುಪಾತ. ಒಂಬತ್ತು ನಿಮಿಷದ ವಿಡಿಯೋ ಇಳಿಯಲು ಕಾಲು ಗಂಟೆ ಹಿಡಿಯುತ್ತದೆ. ಇಳಿದದ್ದೇ ಅದನ್ನು ಹಚ್ಚಿ, ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ, ಹಳೆಯ ಸುತ್ತೋಲೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಮಾಡುತ್ತಾರೆ. ತಪ್ಪಾಗುತ್ತದೆ. ಅಳಿಸುವುದಿಲ್ಲ, ಪಕ್ಕದಲ್ಲೇ ಇನ್ನೊಮ್ಮೆ ಮಾಡುತ್ತಾರೆ. "ನಾನು ಎಲ್ಲಿ ಎಡವಿದೆನೋ ಮಕ್ಕಳೂ ಅಲ್ಲೇ ಎಡವೋದು. ಆ ಗುಂಡಿ ಎಲ್ಲಿದೆ ಅಂತ ಮೊದಲೇ ನೋಡಿಟ್ಕೊಂಡಿರಬೇಕು" ಎನ್ನುತ್ತಾರೆ.

ಇವರು ಟೀಚರ್ ಅಲ್ಲ. ಈ ಶಾಲೆಯ ಕಂಪ್ಯೂಟರ್ ಕೋಣೆಯ ಅಟೆಂಡರ್. ವಯಸ್ಸು ನಲವತ್ತೇಳು. ನೇಮಕಾತಿ ಪತ್ರದಲ್ಲಿ ಇವರ ಕೆಲಸ ಮೂರೇ ಸಾಲು: ಕೋಣೆ ತೆರೆಯುವುದು, ಶುಚಿ ಮಾಡುವುದು, ಮುಚ್ಚುವುದು. ಮಕ್ಕಳು ಕರೆಯುವುದು ಮಾತ್ರ ಸ್ಟಾಪ್ ಅಕ್ಕ ಎಂದು. ಆ ಹೆಸರಿಗೆ ಒಂದು ಕಥೆಯಿದೆ, ಅದು ಅಷ್ಟೇನೂ ಸಂತೋಷದ ಕಥೆಯಲ್ಲ.

ಮೂರು ವರ್ಷದ ಹಿಂದೆ ಶಾಲೆಯ ಗಣಿತದ ಟೀಚರ್ ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯಿನಿ ಶಿಕ್ಷಣ ಇಲಾಖೆಯ ಕಚೇರಿಗೆ ಹದಿನಾಲ್ಕು ಪತ್ರ ಬರೆದರು. ಕೊನೆಗೊಂದು ದಿನ ಟೀಚರ್ ಬದಲು ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರೊಳಗೆ ಒಂದಷ್ಟು ಹೆಡ್‌ಫೋನು, ಇಲಾಖೆಯ ಕಲಿಕಾ ಆ್ಯಪಿನ ಪಾಸ್‌ವರ್ಡು, ಜೊತೆಗೊಂದು ಹಾಳೆ. ಇನ್ನು ಮುಂದೆ ಆರು, ಏಳು, ಎಂಟನೇ ತರಗತಿಯ ಮಕ್ಕಳು ಗಣಿತವನ್ನು ಸ್ವತಂತ್ರವಾಗಿ ಪರದೆಯ ಮೇಲೆ ಕಲಿಯತಕ್ಕದ್ದು ಎಂದು ಆ ಹಾಳೆ ಹೇಳುತ್ತಿತ್ತು. ಎಂಬತ್ತಾರು ಮಕ್ಕಳು, ಏಳು ಕಂಪ್ಯೂಟರು. ಈ ಲೆಕ್ಕವನ್ನು ಮಾಡಿ ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಮೊದಲ ತಿಂಗಳು ಅಕ್ಕ ಹಿಂದೆ ನಿಂತು ನೋಡಿದರು. ಪರದೆಯ ಮೇಲಿನ ಮೇಷ್ಟ್ರು ಒಳ್ಳೆಯ ಷರಟು ಹಾಕಿಕೊಂಡು ಭಿನ್ನರಾಶಿ ಹೇಳುತ್ತಿದ್ದರು. ಎರಡು ನಿಮಿಷಕ್ಕೊಮ್ಮೆ ಅರ್ಥವಾಯಿತಲ್ಲವೇ ಎಂದು ಕೇಳಿ, ಉಸಿರೂ ಎಳೆದುಕೊಳ್ಳದೆ ಮುಂದಕ್ಕೆ ಹೋಗುತ್ತಿದ್ದರು. ಒಂದು ಕಂಪ್ಯೂಟರಿಗೆ ನಾಲ್ವರಂತೆ ಮುತ್ತಿಕೊಂಡ ಮಕ್ಕಳು ಬಾಯಿ ತೆರೆದು ಕೂತಿರುತ್ತಿದ್ದರು.

"ಕೇಳ್ತಾನೆ, ಆದ್ರೆ ಕಾಯಲ್ಲ. ಕೇಳಿ ಕಾಯದೆ ಹೋಗೋರನ್ನ ಕಂಡ್ರೆ ನನಗೆ ಮೊದಲಿಂದ್ಲೂ ಆಗಲ್ಲ. ಪೊರಕೆ ಕೆಳಗಿಟ್ಟು ಹೋಗಿ ನಿಲ್ಲಿಸಿದೆ. ಯಾರಿಗೆ ಅರ್ಥ ಆಗಿಲ್ಲ ಅಂದೆ. ಎಲ್ಲರೂ ಕೈ ಎತ್ತಿದ್ರು. ನಾನೂ ಎತ್ತಿದೆ."

ಅಕ್ಕನ ಸಿಟ್ಟಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಏಳನೇ ತರಗತಿಯಲ್ಲಿ ಭಿನ್ನರಾಶಿ ಬಾರದ ತಪ್ಪಿಗೆ ಇವರನ್ನು ಒಂದು ವಾರ ತರಗತಿಯ ಹೊರಗೆ ನಿಲ್ಲಿಸಿದ್ದರು. ಹೊರಗೆ ನಿಂತವಳಿಗೆ ಒಳಗಿನ ಪಾಠ ಹೇಗೆ ಬಂದೀತು? ವಾರ ಕಳೆದು ಒಳಗೆ ಬಂದಾಗ ದಶಮಾಂಶ ಶುರುವಾಗಿತ್ತು. ಆ ವರ್ಷ ನಪಾಸಾದರು, ಮರುವರ್ಷ ಶಾಲೆ ಬಿಟ್ಟರು. "ನಾನು ದಡ್ಡಿ ಅಂತ ಮೂವತ್ತು ವರ್ಷ ನಂಬಿದ್ದೆ. ಈ ನಲವತ್ತರ ಮೇಲೆ ಗೊತ್ತಾಯ್ತು, ಯಾರೂ ನನಗೆ ಹೇಳಿಕೊಟ್ಟೇ ಇರಲಿಲ್ಲ ಅಂತ. ಸಿಟ್ಟು ಬರಲ್ವಾ?"

ಹಾಗಾಗಿ ಅವರು ಐದನೇ ತರಗತಿಯ ಲೆಕ್ಕದಿಂದ ಶುರು ಮಾಡಿದರು. ಪಾತ್ರೆ ತೊಳೆಯುವಾಗ ಫೋನನ್ನು ಕಿಟಕಿಗೆ ಒರಗಿಸಿಟ್ಟು ಪಾಠ ಕೇಳಿದರು. ಒಂದೇ ವಿಷಯಕ್ಕೆ ಐದಾರು ಜನರ ವಿಡಿಯೋ ನೋಡಿ, ಕಾಳು ಜೊಳ್ಳು ಬೇರೆ ಮಾಡಿದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಸಿಗುವುದು ಅತ್ತೆ. ನಲವತ್ತು ವರ್ಷ ತಳ್ಳುಗಾಡಿಯಲ್ಲಿ ತರಕಾರಿ ಮಾರಿದ ಅತ್ತೆಗೆ ಓದು ಬಾರದು, ಆದರೆ ಕಾಲು ಕಿಲೋ, ಅರೆಪಾವು ನಾಲಿಗೆಯ ತುದಿಯಲ್ಲಿ. ಅಕ್ಕನ ಮೊದಲ ವಿದ್ಯಾರ್ಥಿನಿ ಅವರೇ. ಮದುವೆಯಾಗಿ ಬಂದಾಗ ಸಾರಿಗೆ ಉಪ್ಪೆಷ್ಟು ಅಂತ ಗೊತ್ತಿರಲಿಲ್ಲ, ಈಗ ನನಗೇ ಲೆಕ್ಕ ಹೇಳೋಕೆ ಬರ್ತಾಳೆ ಎಂದು ಗೊಣಗುತ್ತಲೇ ಅವರು ಪಾಠಕ್ಕೆ ಕೂರುತ್ತಿದ್ದರು. "ಅತ್ತೆಗೆ ತಾಳ್ಮೆ ಇಲ್ಲ. ಅದೇ ಒಳ್ಳೇದಾಯ್ತು. ಅವರಿಗೆ ಅರ್ಥ ಆಗೋ ಹಾಗೆ ಹೇಳಿದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ" ಎಂದು ಅಕ್ಕ ನಗುತ್ತಾರೆ. ಅವರು ನಕ್ಕಿದ್ದು ಇಡೀ ಮಾತುಕತೆಯಲ್ಲಿ ಇದೊಂದೇ ಸಲ.

ಇಂಟರ್ನೆಟ್ಟಿನ ಮೇಲೆ ಅವರಿಗೆ ಸಿಟ್ಟಿಲ್ಲ. ಒಂದು ಪುಟದಲ್ಲಿ ತಕ್ಕಡಿಯಿದೆ. ಎರಡೂ ತಟ್ಟೆಯಿಂದ ಸಮನಾಗಿ ತೆಗೆಯುತ್ತಾ ಹೋದರೆ ಚೀಲದಲ್ಲಿರುವ ತೂಕ ತಾನೇ ಗೊತ್ತಾಗುತ್ತದೆ, ಸಮೀಕರಣವೆಂದರೆ ಅಷ್ಟೇ. ಇನ್ನೊಂದರಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದರೆ ಮೂರೂ ಕೋನಗಳ ಅಳತೆ ಬದಲಾಗುತ್ತದೆ, ಮೊತ್ತ ಬದಲಾಗುವುದಿಲ್ಲ. ಅದನ್ನು ಕೆಡಿಸಿಯೇ ತೀರುತ್ತೇವೆಂದು ಏಳನೇ ತರಗತಿಯವರು ಒಂದು ವಾರ ಎಳೆದಾಡಿದರು. ನೂರೆಂಬತ್ತು ಅಲ್ಲಾಡಲಿಲ್ಲ. ಆಮೇಲೆ ಅಕ್ಕ ಎಲ್ಲರಿಗೂ ಕಾಗದದ ತ್ರಿಭುಜ ಕೊಟ್ಟು, ಮೂಲೆಗಳನ್ನು ಹರಿದು ಜೋಡಿಸಿ ನೋಡಲು ಹೇಳಿದರು. "ಯಾರೋ ಎಲ್ಲೋ ಕೂತು ಇಷ್ಟು ಚೆನ್ನಾಗಿ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಅವರಿಗೆ ಕೈ ಮುಗೀತೀನಿ. ಆದ್ರೆ ಕತ್ತರಿ ಕೊಟ್ಟ ಮಾತ್ರಕ್ಕೆ ಬಟ್ಟೆ ಹೊಲಿದ ಹಾಗಾಯ್ತಾ?"

ಕೋಣೆಗೊಂದು ನಿಯಮವಿದೆ: ಪೆನ್ಸಿಲ್ ಮುಟ್ಟದೆ ಮೌಸ್ ಮುಟ್ಟುವ ಹಾಗಿಲ್ಲ. ಒಂಬತ್ತು ನಿಮಿಷದ ವಿಡಿಯೋ ಇಲ್ಲಿ ನಲವತ್ತು ನಿಮಿಷ ಓಡುತ್ತದೆ. ಹದಿನೈದು ಸಲವಾದರೂ ನಿಲ್ಲುತ್ತದೆ. ಪ್ರತಿ ಸಲವೂ ಯಾರಾದರೊಬ್ಬರು ಎದ್ದು ಬಂದು, ಮೇಷ್ಟ್ರು ಈಗ ಹೇಳಿದ್ದೇನೆಂದು ತಮ್ಮ ಮಾತಿನಲ್ಲಿ ಹೇಳಬೇಕು. ದಿನಕ್ಕೆ ಮೂರು ತರಗತಿ. ನಡುವೆ ಕಸ ಗುಡಿಸುವುದು ಇದ್ದೇ ಇದೆ.

ಇಷ್ಟಕ್ಕೆ ನಿಂತಿದ್ದರೆ ಇದು ಚಪ್ಪಾಳೆ ತಟ್ಟಿ ಮರೆಯುವ ಕಥೆಯಾಗುತ್ತಿತ್ತು.

ಇಲಾಖೆಯ ಆ್ಯಪಿನಲ್ಲಿ ಪ್ರತಿ ಪಾಠಕ್ಕೂ ಹತ್ತು ಪ್ರಶ್ನೆಗಳಿವೆ. ಸರಿಯುತ್ತರಕ್ಕೆ ಹಸಿರು ನಕ್ಷತ್ರ, ತಪ್ಪಿಗೆ ಕೆಂಪು ಗುರುತು. ಋಣ ಸಂಖ್ಯೆಗಳ ಪಾಠದ ಆರನೇ ಪ್ರಶ್ನೆ: ಮೈನಸ್ ಮೂರರಿಂದ ಮೈನಸ್ ನಾಲ್ಕನ್ನು ಕಳೆದರೆ ಎಷ್ಟು? ಉತ್ತರ ಒಂದು. ಆ್ಯಪ್ ಮಾತ್ರ ಮೈನಸ್ ಏಳು ಎಂದು ಹೇಳುತ್ತದೆ. ಏಳನೇ ತರಗತಿಯ ಒಬ್ಬ ಹುಡುಗಿ, ಯಾವತ್ತೂ ಮಾತಾಡದವಳು, ಕಾಗದದ ಮೇಲೆ ಸರಿಯಾಗಿ ಮಾಡಿ ಒಂದು ಎಂದು ಒತ್ತಿದಳು. ಕೆಂಪು ಬಂತು. ಅಳಿಸಿ, ಮತ್ತೆ ಮಾಡಿ, ಮತ್ತೆ ಒತ್ತಿದಳು. ಮತ್ತೆ ಕೆಂಪು. ಮರುದಿನ ಅವಳು ಪೆನ್ಸಿಲ್ ಮುಟ್ಟದೆ ಮೈನಸ್ ಏಳನ್ನು ಒತ್ತಿ ನಕ್ಷತ್ರ ತೆಗೆದುಕೊಂಡಳು.

"ಸರಿ ಗೊತ್ತಿದ್ದೂ ತಪ್ಪು ಬರೆಯೋದನ್ನ ಕಲಿತಳು" ಎನ್ನುವಾಗ ಅಕ್ಕನ ದನಿ ಏರುವುದಿಲ್ಲ, ಇಳಿಯುತ್ತದೆ. "ನನ್ನನ್ನ ಹೊರಗೆ ನಿಲ್ಲಿಸಿದ್ರು, ಹೋಗ್ಲಿ. ಇವಳನ್ನ ಒಳಗೆ ಕೂರಿಸಿಕೊಂಡೇ ಹಾಳು ಮಾಡಿದ್ರಲ್ಲ."

ಆ್ಯಪಿನ ದೂರು ಪೆಟ್ಟಿಗೆಗೆ ಅವರು ಮೂವತ್ತೊಂದು ಸಲ ಬರೆದರು. ಪ್ರತಿ ಸಲವೂ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಕೊನೆಗೆ ತಮ್ಮದೇ ದಾರಿ ಹಿಡಿದರು. ಶಾಲೆಯ ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು, ಒಂದು ಭಾನುವಾರ ಅತ್ತೆಯನ್ನು ಕರೆತಂದು ಒಂದರ ಮೇಲೆ ನಿಲ್ಲಿಸಿದರು. ಅತ್ತೆ ಎಡಕ್ಕೆ ನಾಲ್ಕು ಹೆಜ್ಜೆ ನಡೆದು ಮೈನಸ್ ಮೂರನ್ನು ಮುಟ್ಟಿದರು. ಅಕ್ಕ ಅದನ್ನು ಫೋನಿನಲ್ಲಿ ಹಿಡಿದು, ಇಂಟರ್ನೆಟ್ಟಿನ ಒಂದು ಪುಟದಲ್ಲಿ ಹಾಕಿ ಹಿಂದುಮುಂದು ಓಡಿಸಿದರು. ಎಡಕ್ಕೆ ನಾಲ್ಕು ಹೆಜ್ಜೆ ಎಂದರೆ ಮೈನಸ್ ನಾಲ್ಕು. ಕೂಡುವುದೆಂದರೆ ಆ ವಿಡಿಯೋವನ್ನು ನೆಟ್ಟಗೆ ಓಡಿಸುವುದು, ಕಳೆಯುವುದೆಂದರೆ ಅದನ್ನೇ ಹಿಂದಕ್ಕೆ ಓಡಿಸುವುದು. ಪರದೆಯ ಮೇಲೆ ಅತ್ತೆ ಮೈನಸ್ ಮೂರರಿಂದ ಹಿಮ್ಮುಖವಾಗಿ, ಸೆರಗು ಹಾರಿಸಿಕೊಂಡು, ಸೀದಾ ಒಂದಕ್ಕೆ ಬಂದು ನಿಂತರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಮಾತಾಡದ ಹುಡುಗಿ ಮಾತ್ರ ನಗಲಿಲ್ಲ, ಇನ್ನೊಂದು ಸಲ ಹಾಕಿ ಎಂದಳು.

ಸುದ್ದಿ ಹರಡಿ ಕಚೇರಿಯವರು ನೋಡಲು ಬಂದರು. ನಾಲ್ಕು ಕಾರು, ಇಬ್ಬರು ಫೋಟೋದವರು. ಇದು ಮಾದರಿ ಡಿಜಿಟಲ್ ಶಾಲೆಯೆಂದು ಗೋಡೆಗೊಂದು ಫಲಕ ಹೊಡೆದರು. ಭಾಷಣದ ಹೊತ್ತಿನಲ್ಲಿ ಯಾರೋ ಒಬ್ಬರು ಅಕ್ಕನತ್ತ ತಿರುಗಿ, ನೀವು ಸ್ವಲ್ಪ ಟೀ ನೋಡ್ಕೊಳ್ಳಿ ಎಂದರು. ಅಕ್ಕ ಹೋಗಿ ಟೀ ನೋಡಿಕೊಂಡರು. ಹೊರಡುವ ಮುನ್ನ ಕಚೇರಿಯವರು ಅತ್ತೆಯ ವಿಡಿಯೋವನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡರು. ಮುಂದಿನ ತಿಂಗಳು ಅದು ಇಲಾಖೆಯ ಜಾಲತಾಣದಲ್ಲಿ ಬಂತು. ಕೆಳಗೆ ಇಲಾಖೆಯ ವಿಷಯ ತಜ್ಞರ ತಂಡ ಸಿದ್ಧಪಡಿಸಿದ್ದು ಎಂದಿತ್ತು. ಅದಾಗಿ ಹತ್ತನೇ ದಿನಕ್ಕೆ ಅದೇ ಕಚೇರಿಯಿಂದ ಶಾಲೆಗೆ ಪತ್ರ: ಬೋಧಕೇತರ ಸಿಬ್ಬಂದಿ ಪಾಠ ಮಾಡುತ್ತಿರುವುದು ಗಮನಕ್ಕೆ ಬಂದಿದೆ, ಕೂಡಲೇ ನಿಲ್ಲಿಸತಕ್ಕದ್ದು.

ಕೈ ಬೇಕು, ಕೈಯ ಹಿಂದಿನ ಹೆಂಗಸು ಬೇಡ.

ಅಕ್ಕ ರಜೆ ಹಾಕಿ ಕಚೇರಿಗೆ ಹೋದರು. ಬೇಡವೆಂದರೂ ಕೇಳದೆ ಅತ್ತೆಯೂ ಹೊರಟರು. ತಮ್ಮ ಮುಖವನ್ನು ಜಾಲತಾಣಕ್ಕೆ ಹಾಕಿಕೊಂಡವರ ಮುಖವನ್ನು ತಾವೂ ನೋಡಬೇಕಿತ್ತಂತೆ. ಎರಡೂವರೆ ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಒಳಗೆ ಕರೆದರು. ಅಧಿಕಾರಿ ಮೆತ್ತಗೇ ಮಾತಾಡಿದರು. ಅಕ್ಕನ ಉತ್ಸಾಹವನ್ನು ಮೆಚ್ಚಿದರು, ನಿಯಮ ವಿವರಿಸಿದರು. ಕೊನೆಗೆ, "ಅರ್ಹತೆ ಇಲ್ಲದವರು ಪಾಠ ಮಾಡಿ ಮಕ್ಕಳಿಗೆ ತಪ್ಪು ಕಲಿಸಿದ್ರೆ ಯಾರಮ್ಮಾ ಹೊಣೆ?" ಎಂದರು.

ಅಕ್ಕ ಒಂದು ಹಾಳೆ, ಒಂದು ಪೆನ್ಸಿಲ್ ಅವರ ಮುಂದಿಟ್ಟರು. ಆರನೇ ಪ್ರಶ್ನೆ ತೆರೆದು ಫೋನನ್ನು ಪಕ್ಕದಲ್ಲಿಟ್ಟು, ಇದೊಂದು ಮಾಡಿಕೊಡಿ ಎಂದು ಕೇಳಿದರು. ಅಧಿಕಾರಿ ನಕ್ಕು, ಹಾಳೆಯ ಅಂಚಿನಲ್ಲಿ ಬರೆದು, ಒಂದು ಎಂದು ಒತ್ತಿದರು. ಕೆಂಪು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಮಾಡಿ ಒತ್ತಿದರು. ಕೆಂಪು.

"ಹೊಣೆ ಯಾರು ಅಂದ್ರಲ್ಲ ಸರ್" ಎಂದರು ಅಕ್ಕ. "ಒಂದೂವರೆ ವರ್ಷದಿಂದ ನಾನೂ ಅದನ್ನೇ ಕೇಳ್ತಾ ಇದ್ದೀನಿ."

ನೋಡೋಣ ಎಂಬ ಉತ್ತರ ಸಿಕ್ಕಿತು. ಮೆಟ್ಟಿಲಿಳಿಯುವಾಗ ಅತ್ತೆ, ಫ್ಯಾನಿನ ಕೆಳಗೆ ಕೂತೂ ಬೆವರಿದ ಎಂದು ತಮ್ಮ ತೀರ್ಪು ಕೊಟ್ಟರು.

ವಾರದೊಳಗೆ ಆರನೇ ಪ್ರಶ್ನೆ ಆ್ಯಪಿನಿಂದ ಮಾಯವಾಯಿತು. ಉತ್ತರ ತಿದ್ದಲಿಲ್ಲ, ಪ್ರಶ್ನೆಯನ್ನೇ ಕಿತ್ತರು. ಈಗ ಆ ಪಾಠಕ್ಕೆ ಒಂಬತ್ತೇ ಪ್ರಶ್ನೆ. ಎಷ್ಟು ಊರಿನ ಎಷ್ಟು ಮಕ್ಕಳು ಮೈನಸ್ ಏಳು ಸರಿಯೆಂದು ನಂಬಿಕೊಂಡು ಮೇಲಿನ ತರಗತಿಗೆ ಹೋದರೋ, ಅವರಿಗೆ ಯಾರೂ ಏನೂ ಹೇಳಲಿಲ್ಲ. ಜಾಲತಾಣದಲ್ಲಿ ಅತ್ತೆ ಇನ್ನೂ ತಜ್ಞರ ಹೆಸರಿನಲ್ಲಿ ಹಿಂದಕ್ಕೆ ನಡೆಯುತ್ತಿದ್ದಾರೆ. ನಿಷೇಧದ ಪತ್ರವನ್ನು ಹಿಂದಕ್ಕೆ ಪಡೆದಿಲ್ಲ. ಹೊಸ ಟೀಚರ್ ಬಂದಿಲ್ಲ.

ಪಾಠ ನಡೆಯುತ್ತಿದೆ. ವೇಳಾಪಟ್ಟಿಯಲ್ಲಿ ಆ ಅವಧಿಗೆ ಕಂಪ್ಯೂಟರ್ ನಿರ್ವಹಣೆ ಎಂದು ಬರೆದುಬಿಡೋಣವೇ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ ಅಕ್ಕ ಒಪ್ಪಲಿಲ್ಲ. ಕದ್ದು ಕಲಿಸಲು ಇದೇನು ಕಳ್ಳತನವೇ ಎಂದರು. ಮುಖ್ಯೋಪಾಧ್ಯಾಯಿನಿ ಒಂದು ದಿನ ಯೋಚಿಸಿ, ದಪ್ಪ ಅಕ್ಷರದಲ್ಲಿ ಗಣಿತ ಎಂದೇ ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. "ನನ್ನ ನಿವೃತ್ತಿಗೆ ಹತ್ತು ತಿಂಗಳಿದೆ. ಏನ್ಮಾಡ್ತಾರೆ? ಬೇಗ ಮನೆಗೆ ಕಳಿಸ್ತಾರೆ, ಅಷ್ಟೇ ತಾನೇ" ಎನ್ನುತ್ತಾರೆ.

ಹೋದ ಪರೀಕ್ಷೆಯಲ್ಲಿ ಎಂಬತ್ತಾರರಲ್ಲಿ ಎಪ್ಪತ್ತೊಂದು ಮಕ್ಕಳು ಗಣಿತದಲ್ಲಿ ಪಾಸಾದರು. ಅಕ್ಕನ ಬಾಯಲ್ಲಿ ಬರುವುದು ಉಳಿದ ಹದಿನೈದು ಮಕ್ಕಳ ಮಾತು. ಯಾರಿಗೆ ಎಲ್ಲಿ ತೊಡಕು ಎಂಬುದು ಅವರ ಬೆರಳ ತುದಿಯಲ್ಲಿದೆ. ಆ ಮಾತಾಡದ ಹುಡುಗಿ ಈಗ ಎಂಟನೇ ತರಗತಿಯಲ್ಲಿದ್ದಾಳೆ, ಚೆನ್ನಾಗಿ ಮಾಡುತ್ತಾಳೆ. ಆದರೂ ಲೆಕ್ಕ ಮುಗಿಸಿ ಕೇಳುತ್ತಾಳಂತೆ: "ಅಕ್ಕಾ, ಇದು ನಿಜವಾಗ್ಲೂ ಸರೀನಾ, ಇಲ್ಲ ಕಂಪ್ಯೂಟರಿಗೆ ಮಾತ್ರ ಸರೀನಾ?" ಆ ಪ್ರಶ್ನೆ ಹೋಗುವವರೆಗೆ ತಮ್ಮ ಸಿಟ್ಟೂ ಹೋಗುವುದಿಲ್ಲ ಎನ್ನುತ್ತಾರೆ ಅಕ್ಕ.

ಗಂಟೆ ಹೊಡೆಯುತ್ತದೆ. ಆರನೇ ತರಗತಿಯವರು ಸಾಲಾಗಿ ಒಳಗೆ ಬರುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, ಬಹುಮಾನವೋ ಬಡ್ತಿಯೋ ಬಾಯಿಗೆ ಬರಬಹುದೆಂದು ಕಾಯುವುದು ವ್ಯರ್ಥ. ಅಕ್ಕ ಹೆಗಲ ಬಟ್ಟೆ ತೆಗೆದು ಮೂಲೆಗಿಡುತ್ತಾ ಹೇಳುತ್ತಾರೆ:

"ಒಬ್ಬರು ನಿಜವಾದ ಲೆಕ್ಕದ ಟೀಚರ್ ಬರ್ಲಿ. ನನಗೆ ಕೊನೇ ಬೆಂಚಲ್ಲಿ ಒಂದು ಜಾಗ ಕೊಟ್ರೆ ಸಾಕು, ಮಕ್ಕಳ ಜೊತೆ ಕೂತು ಕೇಳ್ತೀನಿ. ಅವರು ತಪ್ಪು ಹೇಳಿದ್ರೆ ಮಾತ್ರ ಕೈ ಎತ್ತುತ್ತೀನಿ."