ಸೂಜಿಗೆ ಬಗ್ಗದ ಐದು ಗಾಯ

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ತವರು ಬ್ರಹ್ಮಾವರದ ಹತ್ತಿರ. ಇದ್ದ ನರ್ಸುಗಳು ಇಬ್ಬರೇ. ಹೆಂಗಸರ ವಾರ್ಡಿನಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ತೊಳೆಯದ ಕೈಯಲ್ಲಿ ಹಾಸಿಗೆ ಮುಟ್ಟಿದ ನೆಂಟರನ್ನು ಅಂಗಳಕ್ಕೆ ಅಟ್ಟಿಬಿಡುತ್ತಿದ್ದೆ.

ಗಂಗೊಳ್ಳಿಯ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬಳು ಅಂಗೈ ಕೊಯ್ದುಕೊಂಡು ಬಂದಳು. ಕತ್ತಿ ತಾಗಿದ ಗಾಯ, ದೊಡ್ಡದೇನಲ್ಲ. ಹೊಲಿಗೆ ಹಾಕಿ ವಾರಕ್ಕೆ ಕಳಿಸುವುದೆಂದಿದ್ದೆವು. ನಾಲ್ಕನೆಯ ದಿನ ಕೀವಾಯಿತು, ಜ್ವರ ಏರಿತು. ಪೆನ್ಸಿಲಿನ್ ಆಗ ಹೊಸತು. ಮೂರು ಗಂಟೆಗೊಂದು ಸೂಜಿ. ಅದಕ್ಕೆ ಬಗ್ಗದ ಕೀವೇ ಇಲ್ಲ ಎಂದು ನಾನು ನಂಬಿದ್ದೆ. ಇವಳ ಬಾವು ಮಾತ್ರ ಮಣಿಕಟ್ಟು ದಾಟಿ ಮೇಲೇರಿತು. ಗಂಡ ತೀರಿಹೋಗಿದ್ದ, ಎರಡು ಮಕ್ಕಳು.

"ಕೈ ಒಂದ್ ಉಳ್ಸಿ ಕೊಡಿ ನರ್ಸಮ್ಮ. ಬಲಗೈ ಇಲ್ದಿರೆ ನಾನ್ ಎಂತ ಮಾಡೂದ್?" ಎನ್ನುತ್ತಿದ್ದಳು.

ನಮ್ಮ ಡಾಕ್ಟರು ಮದ್ರಾಸಿನಲ್ಲಿ ಕಲಿತವರು, ಮಾತು ಕಮ್ಮಿ. ಸೂಜಿಗೆ ಬಗ್ಗದ ಗಾಯ ಆ ತಿಂಗಳಲ್ಲಿ ಇದು ಐದನೆಯದು. ಅವರು ಒಂದು ದಪ್ಪ ಪುಸ್ತಕ ತರಿಸಿ ಗೆರೆ ಎಳೆದರು. ಯಾವ ಹಾಸಿಗೆ, ಯಾವ ದಿನ ಕೀವಾಯಿತು, ಎಷ್ಟು ಸೂಜಿ, ಜ್ವರ ಇಳಿಯಿತೇ. ಕಡೆಗೆ, "ಡ್ರೆಸ್ಸಿಂಗ್ ಮಾಡಿದವರು ಯಾರು, ಅದನ್ನೂ ಬರೆಯಿರಿ" ಎಂದರು. ನನಗೆ ಮೈ ಉರಿದುಹೋಯಿತು. ಆದರೂ ಬರೆದೆ. ಹಿಂದಿನ ನಾಲ್ವರದನ್ನೂ ನೆನಪು ಮಾಡಿಕೊಂಡು ತುಂಬಿಸಿದೆ. ಐದಕ್ಕೂ ನನ್ನದೇ ಹೆಸರು ಬಂತು. ಬರದೆ ಇನ್ನೇನು? ನನ್ನ ಕೈಗುಣ ಒಳ್ಳೆಯದೆಂದು ರೋಗಿಗಳು ಕೇಳುತ್ತಿದ್ದದ್ದೇ ನನ್ನನ್ನು. ಇನ್ನೊಬ್ಬ ನರ್ಸ್ ಬಂದರೆ ಮುಖ ತಿರುಗಿಸುತ್ತಿದ್ದರು. ನನಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಡಾಕ್ಟರು ಅವಳ ಕೀವನ್ನೂ, ನಮ್ಮೆಲ್ಲರ ಮೂಗಿನೊಳಗೆ ಆಡಿಸಿದ ಹತ್ತಿಯನ್ನೂ ಮಂಗಳೂರಿನ ಪರೀಕ್ಷೆಗೆ ಕಳಿಸಿದರು. ಬಸ್ಸು, ನಡುವೆ ಹೊಳೆ ದಾಟಲು ದೋಣಿ. ಉತ್ತರಕ್ಕೆ ವಾರವಾದರೂ ಬೇಕು. "ಅಷ್ಟರವರೆಗೆ ಈಕೆಯ ಡ್ರೆಸ್ಸಿಂಗ್ ಇನ್ನೊಬ್ಬರು ಮಾಡಲಿ. ಬಾವು ಮೊಣಕೈ ದಾಟಿದರೆ ಕೈ ತೆಗೆಯಬೇಕಾಗುತ್ತದೆ" ಎಂದರು.

ದಿನಾ ಬೆಳಿಗ್ಗೆ ಬಾವಿನ ಅಂಚಿಗೆ ಶಾಯಿಯಿಂದ ಗೆರೆ ಹಾಕುವುದು ನನ್ನ ಪಾಲಿಗಿತ್ತು. ಮರುದಿನ ನೋಡಿದರೆ ಗೆರೆ ಹಿಂದೆ ಬಿದ್ದು ಬಾವು ಮುಂದೆ ಹೋಗಿರುತ್ತಿತ್ತು. ಮೂರನೆಯ ದಿನ ಅವಳು ಅತ್ತೇಬಿಟ್ಟಳು. "ನಂಗೆ ಪಟ್ಟಿ ನೀವೇ ಕಟ್ಕ್. ಅವ್ರ್ ಕಟ್ರೆ ಗುಣ ಆತಿಲ್ಲೆ."

ಡಾಕ್ಟರು ಊಟಕ್ಕೆ ಹೋದಾಗ ನಾನು ಹಳೆಯ ಪಟ್ಟಿ ಬಿಚ್ಚಿ ಹೊಸತು ಕಟ್ಟಿದೆ. ಕೈ ಎರಡು ಸಲ ಸಾಬೂನು ಹಾಕಿ ತೊಳೆದಿದ್ದೆ. ಗಾಯದ ಮೇಲೆ ಬಗ್ಗಿ, ಅವಳನ್ನು ಸಮಾಧಾನ ಮಾಡುತ್ತ ಮಾತಾಡುತ್ತಲೇ ಕಟ್ಟಿದೆ. ಮತ್ತೆರಡು ದಿನವೂ ಹಾಗೇ ಮಾಡಿದೆ. ಪುಸ್ತಕದಲ್ಲಿ ಮಾತ್ರ ಇನ್ನೊಬ್ಬಳ ಹೆಸರು ಬರೆದೆ.

ಉತ್ತರ ಬಂದ ದಿನವೇ ಅವಳ ಕೊಳೆತ ಎರಡು ಬೆರಳು ತೆಗೆದರು. ಬಾವು ಮೊಣಕೈಯ ಕೆಳಗೇ ನಿಂತದ್ದರಿಂದ ಕೈ ಉಳಿಯಿತು. ಡಾಕ್ಟರು ನನ್ನನ್ನು ಕರೆದು ಕಾಗದ ಓದಿದರು. ಅವಳ ಕೀವಿನಲ್ಲಿದ್ದ ಕ್ರಿಮಿಯೇ, ನನಗೇನೂ ಆಗದಿದ್ದರೂ, ನನ್ನ ಮೂಗಿನಲ್ಲೂ ಇತ್ತು; ಕೈ ತೊಳೆದರೂ ಉಸಿರಿನಲ್ಲಿ ಗಾಯಕ್ಕೆ ಇಳಿಯುತ್ತಿತ್ತು. ಮಂಗಳೂರಿನ ಪರೀಕ್ಷೆಯಲ್ಲಿ ಪಕ್ಕದಲ್ಲೇ ಪೆನ್ಸಿಲಿನ್ ಇಟ್ಟರೂ ಸಾಯದೆ ಬೆಳೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಪುಸ್ತಕದಲ್ಲಿ ಸುಳ್ಳು ಬರೆದದ್ದನ್ನು ಆಗಲೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವಾರ್ಡಿಗೆ ಕಾಲಿಡಬೇಡಿ, ರೋಗಿಗಳಿಗೆ ಏನೂ ಹೇಳಬೇಡಿ ಎಂದಷ್ಟೇ ಹೇಳಿದರು.

ಎರಡನೆಯದು ನನ್ನಿಂದಾಗಲಿಲ್ಲ. ಮರುದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತೆ. ಅವಳ ಹಾಸಿಗೆ ಬಾಗಿಲ ಪಕ್ಕದಲ್ಲೇ ಇತ್ತು.

"ಆ ಕೀವು ನನ್ನಿಂದ ಬಂದದ್ದ್. ಅದ್ರ್ ಕ್ರಿಮಿ ನನ್ ಮೂಗಿನೊಳ್ಗೆ ಇತ್ತಂಬ್ರ್. ನಾನ್ ಕಟ್ಟೂಕಾಗ ಅಂದಿದ್ರ್ ಡಾಕ್ಟ್ರು. ಆದ್ರೂ ಕಟ್ಟಿದೆ" ಎಂದೆ.

ಅವಳು ಪಟ್ಟಿ ಸುತ್ತಿದ ಕೈಯನ್ನು ನೋಡಿದಳು. ಆಮೇಲೆ ಮೂಲೆಯ ಹಾಸಿಗೆಯತ್ತ ಕತ್ತು ಹೊರಳಿಸಿದಳು. ಬೈಂದೂರಿನಿಂದ ಕಾಲಿನ ಗಾಯಕ್ಕೆಂದು ಹಿಂದಿನ ದಿನ ಬಂದ ಹುಡುಗಿಯೊಬ್ಬಳು ಅಲ್ಲಿದ್ದಳು.

"ಹಾಂಗಾರೆ ಅವ್ಳಿಗೂ ಹೇಳಿ," ಎಂದಳು. "ನಿಮ್ ಕೈಗುಣ ಒಳ್ಳೇದ್ ಅಂದೇಳಿ ನಾನೇ ಹೇಳಿದ್ದೆ. ಬೆಳ್ಗಿಂದ ಯಾರಿಗೂ ಕಾಲ್ ಮುಟ್ಟುಕ್ ಬಿಡ್ದೆ ನಿಮ್ಮನ್ನೇ ಕಾಯ್ತಿದ್ಲ್."