ಮೇಜಿನ ಮೇಲಿನ ಕ್ರೋಶಾ ಕವರು

ಆಗ ಲೈಸೆನ್ಸ್ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದರ ತಪಾಸಣೆ ನನ್ನ ಕೆಲಸ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಕಾರ್ಖಾನೆ ಕ್ವಾರ್ಟರ್ಸಿನ ಬಾಗಿಲು ತಟ್ಟುತ್ತಿದ್ದೆ. ನನ್ನನ್ನು ಕಂಡರೆ ಬೀದಿಯ ಹಾಡೆಲ್ಲ ಒಮ್ಮೆಗೇ ನಿಂತುಹೋಗುತ್ತಿತ್ತು.

ಒಂದು ಮನೆಯ ಯಜಮಾನಿ, "ರೇಡಿಯೋನಾ? ನಮ್ಮಲ್ಲೆಲ್ಲಿಂದ ಬರ್ಬೇಕು ಸ್ವಾಮಿ," ಅಂದರು. ಅವರ ಹಿಂದೆ ಮೇಜಿನ ಮೇಲೆ ಚೌಕನೆಯದೇನೋ ಬಿಳಿ ಕ್ರೋಶಾ ಕವರು ಹೊದ್ದು ಕೂತಿತ್ತು.

"ಮತ್ತೆ ಅದು?"

"ಹೊಲಿಗೆ ಸಾಮಾನಿನ ಪೆಟ್ಟಿಗೆ."

ಅಂಚಿನ ಲೇಸಿನಲ್ಲಿ ಸಾಲು ನವಿಲು. ನಿಜಕ್ಕೂ ಚೆನ್ನಾಗಿತ್ತು. "ನಮ್ಮನೆಯವಳೂ ಹಾಕ್ತಾಳೆ. ಮೂಲೆಗೆ ಬಂದಾಗ ಸುಕ್ಕಾಗುತ್ತೆ," ಅಂದೆ.

ಆಕೆಯ ಮುಖ ಅರಳಿತು. "ಮೂಲೆ ಏನು ಮಹಾ. ಇಲ್ಲಿ ನೋಡಿ, ಸ್ಟೇಷನ್ ತಿರುಗಿಸೋಕೆ ದುಂಡನೆ ಕಿಂಡಿ ಬಿಟ್ಟಿದ್ದೀನಲ್ಲ, ಇದಕ್ಕೇ ಬಿಚ್ಚಿ ಬಿಚ್ಚಿ ಹಾಕಿ ಸಾಕಾಯ್ತು."

ಇಬ್ಬರೂ ಆ ಕಿಂಡಿಯನ್ನೇ ನೋಡುತ್ತ ನಿಂತೆವು.

"ಬರ್ಕೊಳ್ಳಿ," ಅಂದರು ಕೊನೆಗೆ. ಆಮೇಲೆ ತಡೆಯಲಾರದೆ, "ನಿಮ್ಮನೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ, ಮೂಲೆ ಹೇಳಿಕೊಡ್ತೀನಿ. ನಿಮ್ಮ ರೇಡಿಯೋ ಎಷ್ಟು ದೊಡ್ಡದು?"

ನಮ್ಮ ಮನೆಯಲ್ಲಿ ಕವರು ಹಾಕಿ ಮುಗಿಸಿ ವರ್ಷವಾಗಿತ್ತು. ರೇಡಿಯೋ ಇನ್ನೂ ತರಬೇಕಿತ್ತು.